ಹಳೆಯ ಯಂತ್ರದ ಇನ್ನೊಂದು ಖಾತೆ

ಮೂರನೆಯ ಸಲವೂ ಯಂತ್ರ ಅವಳ ಗುಪ್ತಪದವನ್ನು ಒಪ್ಪಿಕೊಂಡು, ಮರುಕ್ಷಣವೇ ಅವಳನ್ನು ಹೊರಗೆ ದಬ್ಬಿತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿ ಅವಳಿಗೆ ಇದು ಮೊದಲ ದಿನ. ಹತ್ತೂವರೆಗೆ ನಿರ್ದೇಶಕರು ಇಪ್ಪತ್ತಾರು ಜನ ಹೊಸಬರನ್ನು ಕರೆತರುವವರಿದ್ದರು. ಅಷ್ಟರೊಳಗೆ ಅವರಿಗೆಲ್ಲ ಖಾತೆ ತೆರೆದಿರಬೇಕು. ಈಗ ಗಂಟೆ ಹತ್ತು.

ಎಡವಟ್ಟು ಅವಳದೇ. ಸಂಸ್ಥೆಯವರೆಲ್ಲರ ಖಾತೆಗಳ ಪಟ್ಟಿ ಇದ್ದದ್ದು ಮೂಲೆಯ ಆ ಹಳೆಯ ಯಂತ್ರದಲ್ಲಿ. ಒಳಗೆ ಬಂದವರು ಟೈಪ್ ಮಾಡಿದ್ದನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಂ ಒಂದಿರುತ್ತದೆ, ಶೆಲ್ ಅಂತ. ಯಾರಿಗೆ ಯಾವ ಶೆಲ್ ಎಂಬುದೂ ಆ ಪಟ್ಟಿಯಲ್ಲೇ ಇರುತ್ತದೆ. ಬೆಳಿಗ್ಗೆ ಬಂದವಳೇ, ಹೊಸಬರು ಬೆರಗಾಗಲಿ ಎಂದು, ತನ್ನನ್ನೂ ಸೇರಿಸಿ ಎಲ್ಲರ ಹೆಸರಿನ ಮುಂದೆ ಬಣ್ಣಬಣ್ಣದ ಹೊಸ ಶೆಲ್ ಬರೆದು ಹೊರಬಂದಿದ್ದಳು. ಆ ಶೆಲ್ ಎಲ್ಲ ಯಂತ್ರಗಳಲ್ಲೂ ಇತ್ತು, ಈ ಹಳೆಯದೊಂದನ್ನು ಬಿಟ್ಟು. ಹೇಳಿದ ಶೆಲ್ ಸಿಗದಿದ್ದರೆ ಯಂತ್ರ ಒಳಬಂದವರನ್ನು ಹಾಗೆಯೇ ಹೊರಗೆ ಕಳಿಸಿಬಿಡುತ್ತದೆ. ತಿದ್ದಬೇಕಾದರೆ ಇದರೊಳಗೇ ಹೋಗಬೇಕು. ಬೀಗದ ಕೈಯನ್ನು ಒಳಗಿಟ್ಟು ಬಾಗಿಲೆಳೆದುಕೊಂಡಂತಾಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳುವುದಿಲ್ಲ.

ಒಳಹೋಗಬಲ್ಲವರು ಒಬ್ಬರೇ ಇದ್ದರು. ಅಂದೇ ನಿವೃತ್ತರಾಗಲಿದ್ದ, ಕಚೇರಿಯವರೆಲ್ಲ ದೊಡ್ಡಪ್ಪ ಎಂದು ಕರೆಯುವ ಹಿರಿಯರು. ಅವರ ಖಾತೆ ಪಟ್ಟಿಯಲ್ಲಿರಲಿಲ್ಲ. ಆ ಯಂತ್ರದಲ್ಲೇ ಬೇರೊಂದು ಕಡತದಲ್ಲಿ, ಸಾದಾ ಶೆಲ್ ಹಾಕಿ ಕೈಯಾರೆ ಬರೆದದ್ದು. ಇದು ನಿಯಮಕ್ಕೆ ವಿರುದ್ಧ, ನಾಳೆಯೇ ತೆಗೆಯುತ್ತೇನೆ ಎಂದು ಅವಳು ನಿನ್ನೆ ಎಲ್ಲರೆದುರಿಗೇ ಹೇಳಿದ್ದಳು. "ನಾಳೆ ಸಂಜೆವರೆಗೂ ಇರ್ಲಿ ಬಿಡಮ್ಮ" ಎಂದು ಅವರು ನಕ್ಕಿದ್ದರು.

ಈಗ ಅವರ ಮೇಜಿನ ಮುಂದೆ ನಿಂತವಳಿಗೆ ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ.

"ದೊಡ್ಡಪ್ಪ, ನಿಮ್ಮ ಆ ಖಾತೆ..."

"ಯಾಕೆ, ತೆಗೆದೇಬಿಟ್ಯಾ?"

"ಇಲ್ಲ. ಅದೇ ನನ್ನ ಮಾನ ಉಳಿಸ್ಬೇಕು ಈಗ."

ನಡೆದದ್ದನ್ನೆಲ್ಲ ಕೇಳಿದ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕ ಏರಿಸಿ ಹಳೆಯ ಯಂತ್ರದ ಮುಂದೆ ಕುಳಿತು ಎರಡೇ ಬೆರಳಿನಲ್ಲಿ ಟೈಪ್ ಮಾಡತೊಡಗಿದರು. ಒಂದೊಂದು ಅಕ್ಷರಕ್ಕೂ ಅವಳ ಜೀವ ಹೋಗಿ ಬರುತ್ತಿತ್ತು. ಯಂತ್ರ ಅವರನ್ನು ಒಳಗೆ ಬಿಟ್ಟುಕೊಂಡಿತು.

"ನೀವು ನನ್ನನ್ನ ಬೈಬೇಕಿತ್ತು" ಎಂದಳು.

"ಯಾವ ಬಾಯಲ್ಲಿ ಬೈಲಿ? ನಿನ್ನ ವಯಸ್ಸಲ್ಲಿ ನಾನೂ ಇದನ್ನೇ ಮಾಡಿ ಎರಡು ದಿನ ಹೊರಗೆ ಕೂತಿದ್ದೆ ಕಣಮ್ಮ. ಆಮೇಲೇ ಈ ಖಾತೆ ಬರ್ಕೊಂಡಿದ್ದು." ಅವರ ಬೆರಳು ನಿಂತಿತು. "ಎಲ್ರಿಗೂ ಯಾವುದು ಹಾಕ್ಲಿ? ಮುಖ್ಯಸ್ಥೆ ನೀನು, ಹೇಳು."

ಅವಳು ಬಣ್ಣಬಣ್ಣದ ಶೆಲ್ಲನ್ನು ಒಮ್ಮೆ ನೆನೆದು ನಿಟ್ಟುಸಿರುಬಿಟ್ಟಳು.

"ಎಲ್ಲಾ ಯಂತ್ರದಲ್ಲೂ ಇರೋ ಆ ಹಳೇ ಸಾದಾದ್ದು. ಬಣ್ಣ ಬೇಕಾದೋರು ಆಮೇಲೆ ತಾವೇ ಬದಲಾಯಿಸ್ಕೊಳ್ಳಲಿ."

ಹೊಸಬರು ಬಂದಾಗ ಕೊನೆಯ ಖಾತೆ ತೆರೆದು ಒಂದು ನಿಮಿಷವಾಗಿತ್ತು. ಇಪ್ಪತ್ತಾರು ಕಪ್ಪು ಪರದೆಗಳ ಮೇಲೆ ಬಿಳಿಯ ಗೆರೆಗಳು ಮಿನುಗಿದವು. ಯಾರೂ ಬೆರಗಾಗಲಿಲ್ಲ. ಅವಳಿಗೆ ಮಾತ್ರ ಕುಣಿಯುವಷ್ಟು ಖುಷಿಯಾಯಿತು.

ಸಂಜೆ ದೊಡ್ಡಪ್ಪ ಚೀಲ ಹೆಗಲಿಗೇರಿಸಿ ಬಂದರು. "ತೆಗಿ ಇನ್ನು. ಮಾತು ಮಾತೇ."

"ಸ್ವಲ್ಪ ನಿಲ್ಲಿ. ಮೊದಲು ನನ್ನದೊಂದು ಬರ್ಕೊಂಡು ನೋಡ್ತೀನಿ, ಆಮೇಲೆ ನಿಮ್ಮದು ತೆಗೀತೀನಿ" ಎಂದು ಅವಳು ಹಳೆಯ ಯಂತ್ರದ ಮುಂದೆ ಕುಳಿತಳು. ಅವರ ಹೆಸರಿನ ಕೆಳಗೆ ಕೈಯಾರೆ ತನ್ನ ಹೆಸರು ಬರೆದು, ಮುಂದೆ ಸಾದಾ ಶೆಲ್ ಬರೆದಳು. ಆ ಖಾತೆಯಿಂದ ಒಳಗೆ ಹೋದಳು, ಹೊರಗೆ ಬಂದಳು.

"ಇನ್ನೊಂದ್ಸಲ" ಎಂದರು ದೊಡ್ಡಪ್ಪ, ಹೆಗಲಿನ ಚೀಲ ಕೆಳಗಿಡುತ್ತ.

ಅವಳು ಮತ್ತೆ ಹೆಸರು ಟೈಪ್ ಮಾಡಿದಳು.