ಒಂದು ಫ್ಲಾಸ್ಕ್ ಬಿಸಿನೀರು

ಅತ್ತೆ ನಡುಗುವುದನ್ನು ನಿಲ್ಲಿಸಿದಾಗ ನನಗೆ ನಿಜವಾಗಿ ಭಯವಾಯಿತು. ಬೆಳಗಿನ ಜಾವದಿಂದ ಅವಳ ಹಲ್ಲು ಕಟಕಟ ಅನ್ನುವುದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು, ಒಮ್ಮೆ ನಿಂತರೆ ಸಾಕಪ್ಪಾ ಅಂದುಕೊಂಡಿದ್ದೆ. ಒಂಬತ್ತು ಗಂಟೆಯ ಹೊತ್ತಿಗೆ ನಿಂತಿತು. ನಡುಗುವಷ್ಟು ಶಕ್ತಿಯೂ ಮೈಯಲ್ಲಿ ಉಳಿಯದಾಗ ಹಾಗಾಗುತ್ತದೆ ಎಂದು ದಕ್ಷಿಣದ ಚಳಿ ಕಂಡವರಿಗೆಲ್ಲ ಗೊತ್ತು.

ನಮ್ಮ ಮನೆ ಎಂದರೆ ಒಂದು ಹಳೆಯ ಸಿಟಿ ಬಸ್ಸು. ನನ್ನ ಗಂಡ ಫೆರ್ಮಿನ್ ಮೂವತ್ತು ವರ್ಷ ಅದನ್ನೇ ಓಡಿಸಿ, ನಿವೃತ್ತಿಯಾದ ಮೇಲೆ ಕೊಂಡು ತಂದು, ಸೀಟು ಕಿತ್ತು ಮಂಚ ಕೂರಿಸಿ, ಒಲೆ ಇಟ್ಟು, ಮೋಟಾರ್‌ಹೋಮ್ ಮಾಡಿದ್ದ. ಅತ್ತೆ ಕಾಸಿಮಿರಾಗೆ ಎಂಬತ್ತನಾಲ್ಕು. ಸಾಯುವ ಮುಂಚೆ ದಕ್ಷಿಣದಲ್ಲಿರುವ ತಂಗಿಯನ್ನು ನೋಡಬೇಕು ಎಂದು ಹಟ ಹಿಡಿದಳು. ಯಾರು ಸಾಯುವ ಮುಂಚೆ ಎಂದು ಹೇಳಲಿಲ್ಲ. ಹಾಗಾಗಿ ಜುಲೈಯಲ್ಲಿ, ಎಂದರೆ ಭೂಗೋಳದ ಈ ಕೆಳಭಾಗದ ನಡು ಚಳಿಗಾಲದಲ್ಲಿ, ಮೂವರೂ ಹೊರಟೆವು.

ತಪ್ಪು ಮಾಡಿದವನು ಫೆರ್ಮಿನ್. ದಕ್ಷಿಣದ ಬಂಕುಗಳಲ್ಲಿ ಚಳಿಗಾಲಕ್ಕೆಂದೇ ಬೇರೆ ಡೀಸೆಲ್ ಕೊಡುತ್ತಾರೆ, ಅದು ಹೆಪ್ಪುಗಟ್ಟುವುದಿಲ್ಲ. ಇವನು ಉತ್ತರದ ನಮ್ಮೂರಲ್ಲೇ ಟ್ಯಾಂಕು ತುಂಬಿಸಿ, ಸಾಲದ್ದಕ್ಕೆ ಆರು ಕ್ಯಾನು ಹೇರಿಕೊಂಡಿದ್ದ. ದಾರಿಯಲ್ಲಿ ಸಾನ್ ಹುಲಿಯಾನ್ ಊರಿನ ಬಂಕಿನ ಹುಡುಗಿ ಎಚ್ಚರಿಸಿದ್ದಳು.

"ತಾತ, ಮೇಲಕ್ಕೆ ಹೋಗ್ತಿದೀರ. ಅದನ್ನ ಖಾಲಿ ಮಾಡಿ ನಮ್ಮದು ಹಾಕಿಸ್ಕೊಳ್ಳಿ."

"ನನ್ನ ಗಾಡಿ ಏನ್ ಕೊಟ್ರೂ ಕುಡಿಯತ್ತೆ ಕಣಮ್ಮ, ನನ್ನ ಥರಾನೇ," ಅಂದಿದ್ದ ಇವನು. ಅವಳು ಭುಜ ಕುಣಿಸಿ ಒಳಗೆ ಹೋದಳು.

ಆ ಸಂಜೆ ಪ್ರಸ್ಥಭೂಮಿಯ ಮೇಲೆ ಹಿಮದ ಗಾಳಿ ಎದ್ದು ದಾರಿಯೇ ಕಾಣದಾಯಿತು. ಗ್ರೆಗೋರೆಸ್ ಊರಿಗೆ ಇನ್ನು ನಲವತ್ತು ಕಿಲೋಮೀಟರ್ ಇರುವಾಗ ರಸ್ತೆ ಬದಿಗೆ ನಿಲ್ಲಿಸಿದೆವು. ಐದು ಗಂಟೆಗೆ ನನಗೆ ಎಚ್ಚರವಾದಾಗ ಡೀಸೆಲ್ ಹೀಟರ್ ಆರಿತ್ತು, ಒಲೆಯ ಗ್ಯಾಸೂ ಚಳಿಗೆ ಕಟ್ಟಿಕೊಂಡು ಜ್ವಾಲೆ ಉಗುರಿನಷ್ಟಾಗಿತ್ತು. ಅದರಲ್ಲೇ ಒಂದು ಕೆಟಲ್ ನೀರು ಕಾಯಿಸಿ ಫ್ಲಾಸ್ಕಿಗೆ ಹೊಯ್ದೆ. ಅಷ್ಟಕ್ಕೆ ಜ್ವಾಲೆ ಸತ್ತಿತು. ಅತ್ತೆಗೆ ಕಾಲು ಗಂಟೆಗೊಮ್ಮೆ ಯೆರ್ಬಾ ಎಲೆಯ ಕಷಾಯ ಮಾಡಿ ಕೊಟ್ಟರೆ ಹೇಗೋ ಜೀವ ಹಿಡಿದಾಳು ಎಂದುಕೊಂಡು ಫ್ಲಾಸ್ಕನ್ನು ಕಂಬಳಿಯೊಳಗೆ ಅವಳ ತೋಳಿಗೇ ಕೊಟ್ಟೆ.

ಬೆಳಕು ಹರಿಯುತ್ತಲೇ ಫೆರ್ಮಿನ್ ಡ್ರೈವರ್ ಸೀಟಿನ ಪಕ್ಕದ ಇಂಜಿನ್ ಮುಚ್ಚಳ ಎತ್ತಿದ. ಫಿಲ್ಟರಿನಲ್ಲಿ ಡೀಸೆಲ್ಲು ಆರಿದ ಕುರಿಸಾರಿನ ಕೊಬ್ಬಿನ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಬಸ್ಸಿನ ಕೆಳಗೆ ಕೆಂಡದ ತಟ್ಟೆ ಇಡಲು ಹೋದ, ಗಾಳಿ ಒಂದು ಕಡ್ಡಿಯನ್ನೂ ಹೊತ್ತಿಕೊಳ್ಳಲು ಬಿಡಲಿಲ್ಲ. ಕೈ ಉಜ್ಜುತ್ತ ಒಳಗೆ ಬಂದ.

"ದೆಲಿಯಾ, ಬಿಸಿನೀರು ಇದೆಯಾ? ಫಿಲ್ಟರ್‌ಗೆ ಬಟ್ಟೆ ಸುತ್ತಿ ಹೊಯ್ದ್ರೆ ಕರಗತ್ತೆ."

ಅತ್ತೆ ಕಂಬಳಿಯೊಳಗಿಂದ ನನ್ನ ಮಣಿಕಟ್ಟು ಹಿಡಿದಳು. "ಕೊಡಬೇಡ ಕಣೆ," ಎಂದು ಪಿಸುಗುಟ್ಟಿದಳು. "ಆ ಕತ್ತೆ ಎಲ್ಲಾ ಆ ಕಬ್ಬಿಣಕ್ಕೆ ಸುರಿದುಬಿಡ್ತಾನೆ."

"ಎಲ್ಲಿಂದ ಬರತ್ತೆ ಬಿಸಿನೀರು?" ಅಂದೆ ನಾನು. "ಗ್ಯಾಸೇ ಇಲ್ಲ."

ಅವನು ನಂಬಿದ. ಮೂವತ್ತೈದು ವರ್ಷದಿಂದ ನಂಬುತ್ತಲೇ ಬಂದವನು. ಫಿಲ್ಟರನ್ನು ಅಂಗೈಯಲ್ಲಿ ಉಜ್ಜಿ, ಬಾಯಿಂದ ಊದಿ, ಕೀಲಿ ತಿರುಗಿಸಿದ. ಇಂಜಿನ್ ಗೊರಗೊರ ಎಂದು ಸುಮ್ಮನಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುಗಿಸಿದ. ಈ ಸಲ ಸದ್ದು ಇನ್ನೂ ನಿಧಾನ.

"ಬ್ಯಾಟರೀಲಿ ಇನ್ನೊಂದೇ ಸಲಕ್ಕೆ ಇರೋದು," ಅಂದ. ಅವನ ಮೀಸೆಯ ಮೇಲೆ ಹಿಮ ಕಟ್ಟಿತ್ತು. "ಅಮ್ಮ ಹೇಗಿದಾಳೆ?"

ಅಷ್ಟು ಹೊತ್ತಿಗೇ ಹಲ್ಲಿನ ಸದ್ದು ನಿಂತದ್ದು. ನಾನು ಗಡಿಬಿಡಿಯಲ್ಲಿ ಕಷಾಯ ಹೀರುವ ಕೊಳವೆಯನ್ನು ಅವಳ ತುಟಿಗಿಟ್ಟೆ. ಹೀರಲಿಲ್ಲ. ಚಮಚೆಯಲ್ಲಿ ಹಾಕಿದರೆ ಕಟವಾಯಿಯಿಂದ ಹರಿದು ಕಂಬಳಿಗೆ ಸೋರಿತು.

"ಅತ್ತೆ, ನುಂಗು. ಅತ್ತೆ, ನನ್ನನ್ನ ಬೈ ನೋಡೋಣ."

ಬೈಯಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂಬತ್ತೂಕಾಲು. ಆ ನೀರು ಈಗ ಅವಳಿಗೂ ಉಪಯೋಗವಿಲ್ಲ, ಮೊದಲೇ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ದಾರಿಯಲ್ಲಿರುತ್ತಿದ್ದೆವು. ಎರಡು ಸಲದ ಬ್ಯಾಟರಿಯನ್ನು ನಾನೇ ಕೈಯಾರೆ ತಿಂದುಹಾಕಿದ್ದೆ.

ಫ್ಲಾಸ್ಕನ್ನು ಎಳೆದೆ. ಅತ್ತೆ ಬಿಡಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು, ಮುಖದಲ್ಲಿ ಅರಿವಿರಲಿಲ್ಲ, ಆದರೂ ಬೆರಳುಗಳು ಬಿಗಿದುಕೊಂಡಿದ್ದವು. ಒಂದೊಂದಾಗಿ ಬಿಡಿಸಬೇಕಾಯಿತು. ಕಿರುಬೆರಳು ಬಿಡಿಸುವಾಗ ನಾನು ಅಳುತ್ತಿದ್ದೆ.

ಫೆರ್ಮಿನ್ ಆವಿಯಾಡುವ ಫ್ಲಾಸ್ಕನ್ನು ನೋಡಿ, ನನ್ನ ಮುಖ ನೋಡಿದ.

"ಆಮೇಲೆ ಕೇಳು," ಅಂದೆ. "ನೀನು ಕೀಲಿ ಹಿಡ್ಕೊ, ನಾನು ಹೊಯ್ತೀನಿ."

ಬಟ್ಟೆ ಸುತ್ತಿ ತೆಳ್ಳಗೆ ಹೊಯ್ಯುತ್ತ ಹೋದೆ, ಫಿಲ್ಟರಿಗೆ, ಪೈಪಿಗೆ, ಪಂಪಿಗೆ. ತಳ ಕಾಣುವವರೆಗೂ ಹೊಯ್ದೆ. ಫೆರ್ಮಿನ್ ಶಿಲುಬೆಯ ಗುರುತು ಮಾಡಿಕೊಂಡು ಕೀಲಿ ತಿರುಗಿಸಿದ. ಗೊರ. ಗೊರ. ಇನ್ನೇನು ನಿಂತಿತು ಅನ್ನುವಾಗ ಒಂದು ಸಿಲಿಂಡರ್ ಕೆಮ್ಮಿತು, ಆಮೇಲೆ ಇನ್ನೊಂದು. ಇಡೀ ಬಸ್ಸು ಅಲುಗಾಡಿ, ಹಿಂದಿನ ಗಾಜೆಲ್ಲ ಬಿಳಿ ಹೊಗೆಯಲ್ಲಿ ಮುಚ್ಚಿಹೋಯಿತು.

"ಇನ್ನು ನಿಲ್ಲಿಸೋ ಹಾಗಿಲ್ಲ," ಅಂದ. "ಕಾಲು ತೆಗೆದ್ರೆ ಆರತ್ತೆ. ಆರಿದ್ರೆ ಮುಗೀತು."

ಹೊರಟೆವು. ನಾನು ಕೋಟಿನ ಗುಂಡಿ ಬಿಚ್ಚಿ ಅತ್ತೆಯನ್ನು ಎದೆಗೆ ಅವಚಿಕೊಂಡು ಮಂಚದ ಮೇಲೆ ಕೂತೆ. ಉಸಿರು ಇತ್ತು, ಇಲ್ಲವೇನೋ ಅನ್ನುವಷ್ಟು ಸಣ್ಣಗೆ.

"ಅಮ್ಮ ಮಾತಾಡ್ತಿದಾಳಾ?" ಡ್ರೈವರ್ ಸೀಟಿನಿಂದ ಕೂಗಿದ.

ಇಲ್ಲ ಅಂದರೆ ಅವನು ಎದ್ದು ಬರುತ್ತಾನೆ. ನನಗೆ ನನ್ನ ಗಂಡ ಗೊತ್ತು.

"ಬೈತಿದಾಳೆ," ಅಂದೆ.

"ಏನಂತಾಳೆ?"

"ಬಂಕಿನ ಹುಡುಗಿಗಿದ್ದಷ್ಟು ಬುದ್ಧಿ ನನ್ನ ಮಗನಿಗಿಲ್ಲ ಅಂತಾಳೆ."

ಅವನು ನಕ್ಕ, ಆ ನಗುವಿನಲ್ಲೇ ಮೂಗು ಒರೆಸಿಕೊಂಡ. ಐದೈದು ನಿಮಿಷಕ್ಕೂ ಕೇಳಿದ. ನಾನೂ ಬೈಯುತ್ತ ಹೋದೆ. ಅವನು ಚಿಕ್ಕಂದಿನಲ್ಲಿ ಕೋಳಿಗೂಡಿಗೆ ಬೆಂಕಿ ಇಟ್ಟದ್ದು, ನನ್ನಂಥವಳನ್ನು ಕಟ್ಟಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಸೇತುವೆಯ ಹತ್ತಿರ ಇಂಜಿನ್ ಮುಗ್ಗರಿಸಿದಾಗ "ಒತ್ತೋ ಸೋಮಾರಿ" ಎಂದು ಅತ್ತೆಯ ದನಿಯಲ್ಲೇ ಅರಚಿದೆ. ಅವನು ಒತ್ತಿದ.

ಗ್ರೆಗೋರೆಸ್ ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು ಸ್ಟ್ರೆಚರ್ ತಂದರು. ನರ್ಸ್ ಕುತ್ತಿಗೆಗೆ ಎರಡು ಬೆರಳಿಟ್ಟು ಬಹಳ ಹೊತ್ತು ಕಾದಳು.

"ಇದೆ," ಅಂದಳು. "ತುಂಬ ನಿಧಾನ. ಯಾವಾಗಿಂದ ಮಾತಾಡ್ತಿಲ್ಲ? ಸರಿಯಾಗಿ ಹೇಳಿ, ಡಾಕ್ಟರ್ ಮೊದಲು ಅದನ್ನೇ ಕೇಳೋದು."

"ಈಗ ತಾನೇ ಮಾತಾಡಿದಳಲ್ಲ," ಅಂದ ಫೆರ್ಮಿನ್. ಮುಖದಲ್ಲಿ ಇನ್ನೂ ನಗುವಿತ್ತು. "ಸೇತುವೆ ಹತ್ರ ಸೋಮಾರಿ ಅಂತ ಬೈದಳು."

ನರ್ಸ್ ಬರೆದುಕೊಳ್ಳತೊಡಗಿದಳು.

"ಅದನ್ನ ಬರೀಬೇಡಿ," ಅಂದೆ. "ಒಂಬತ್ತೂಕಾಲಿಂದ ಒಂದು ಮಾತೂ ಆಡಿಲ್ಲ. ದಾರಿ ಪೂರ್ತಿ ಬೈದಿದ್ದು ನಾನು."

ಫೆರ್ಮಿನ್ ನನ್ನ ಕಡೆ ತಿರುಗಲಿಲ್ಲ. ಅಮ್ಮನ ಪಾದ ಹಿಡಿದುಕೊಂಡು ಸ್ಟ್ರೆಚರಿನ ಹಿಂದೆಯೇ ಒಳಗೆ ಹೋದ.