ಮುಚ್ಚಿದ ಸಂದು

ಅತ್ತಿಗೆಯ ಹೊಲಿಗೆ ಅಂಗಡಿಯ ಅಟ್ಟದಲ್ಲಿ ಬಾವಲಿಗಳು ಸೇರಿಕೊಂಡು ವರ್ಷಗಳೇ ಆಗಿದ್ದವು. ಹೆಬ್ಬೆರಳಿನಷ್ಟು ಚಿಕ್ಕವು. ಬೆಳಗಿನ ಜಾವ ಸೂರಿನ ಸಂದಿನಲ್ಲಿ ನುಸುಳಿ ಒಳಸೇರುತ್ತಿದ್ದವು, ಮುಸ್ಸಂಜೆಗೆ ಹೊರಬೀಳುತ್ತಿದ್ದವು. ಯಾರ ತಂಟೆಗೂ ಬಂದವಲ್ಲ. ಆದರೆ ಆ ವಾರ ಹಲಗೆಗಳ ಬಿರುಕಿನಿಂದ ಹಿಕ್ಕೆ ಉದುರಿ, ಹೊಲಿದಿಟ್ಟಿದ್ದ ಮದುವೆ ಬಟ್ಟೆಯ ಮೇಲೆ ಬಿತ್ತು. ಅತ್ತಿಗೆ ಕೆಂಡವಾದಳು.

“ಇವತ್ತೇ ಬಂದು ಆ ಸಂದು ಮುಚ್ಚು. ಬಡಗಿ ಅಂತ ಹೇಳ್ಕೊಂಡು ತಿರುಗಿದ್ರೆ ಸಾಲ್ದು,” ಎಂದು ಮೈದುನನನ್ನು ಫೋನಿನಲ್ಲೇ ಜಾಡಿಸಿದಳು.

ಮೈದುನ ಇರುವೆ ಕಂಡರೂ ದಾಟಿ ಹೋಗುವ ಆಸಾಮಿ. ಒಳಗಿರುವಾಗ ಮುಚ್ಚಿದರೆ ಸತ್ತುಹೋಗುತ್ತವೆಂದು ಸಂಜೆಯವರೆಗೆ ಏಣಿಯ ಬುಡದಲ್ಲಿ ಕಾದ. ಒಂದರ ಹಿಂದೊಂದು ಹಾರಿದವು. ಇನ್ನು ಯಾವುದೂ ಬಾರದೆಂದು ಖಾತ್ರಿಯಾದ ಮೇಲೆ ಸಂದಿಗೆ ಹಲಗೆ ಹೊಡೆದು, ಅಂಚಿಗೆಲ್ಲ ಅಂಟು ಮೆತ್ತಿದ.

“ಒಂದರ ಕೂದಲೂ ಕೊಂಕಿಲ್ಲ ಅತ್ತಿಗೆ. ಬೇರೆ ಮನೆ ನೋಡ್ಕೊಳ್ತಾವೆ ಬಿಡಿ,” ಎಂದು ಬೀಗಿದ.

ಮರುದಿನ ಬೆಳಗ್ಗೆ ಅಂಗಡಿ ತೆರೆಯಲು ಬಂದ ಅತ್ತಿಗೆ ಬೀದಿಯಲ್ಲೇ ನಿಂತುಬಿಟ್ಟಳು. ಗೋಡೆಯೇ ಕಾಣುತ್ತಿರಲಿಲ್ಲ. ಹೊಸ ಹಲಗೆಯ ಮೇಲೆ, ಬೋರ್ಡಿನ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ಸುಡುವ ಬಿಸಿಲಿನಲ್ಲಿ ಬಾವಲಿಗಳು. ಹಲಗೆಯನ್ನು ಪರಪರ ಕೆರೆಯುತ್ತಿದ್ದವು. ಕಾಗೆಗಳು ಎರಗಿ ಒಂದೊಂದನ್ನೇ ಕಚ್ಚಿಕೊಂಡು ಹೋಗುತ್ತಿದ್ದರೂ ಉಳಿದವು ಕದಲಲಿಲ್ಲ.

ಓಡಿಬಂದ ಮೈದುನನ ಮುಖ ಬಿಳಿಚಿತು. “ಇದೇನು ಹಟ ಇವಕ್ಕೆ? ಹೋಗ್ಬಾರ್ದಾ?”

ಅತ್ತಿಗೆ ಅವನ ರಟ್ಟೆ ಹಿಡಿದು ಒಳಗೆ ಎಳೆದೊಯ್ದಳು. “ಕೇಳು.”

ತಲೆಯ ಮೇಲಿಂದ, ಎಣ್ಣೆ ಕಾಣದ ಚಕ್ರ ತಿರುಗಿದಂತೆ, ಸಣ್ಣ ಕೀಚು ದನಿಗಳು.

“ಎಲ್ಲಾ ಹಾರಿದ್ವು ಅತ್ತಿಗೆ! ನನ್ನ ಕಣ್ಣಾರೆ ನೋಡಿದೀನಿ!”

“ಹಾರೋಕೆ ಬರೋವು ಹಾರಿದ್ವು ಕಣೋ. ಮರಿಗಳು?”

ಅವನು ಏಣಿ ತರಲು ಓಡಿದ.

ಅತ್ತಿಗೆ ಪ್ರಾಣಿ ಡಾಕ್ಟರಿಗೆ ಫೋನ್ ಮಾಡಿದಳು. ಡಾಕ್ಟರಮ್ಮ ಕೂಗಿಯೇ ಬಿಟ್ಟರು: “ಅಯ್ಯೋ, ಮೊದಲು ಸಂದು ತೆಗೀರಿ! ಈ ಸೀಮೆ ಬಿಟ್ರೆ ಇನ್ನೆಲ್ಲೂ ಇಲ್ಲದ ಜಾತಿ ಅದು. ವರ್ಷಕ್ಕೆ ಒಂದೇ ಮರಿ ಹಾಕೋದು. ನಾನೀಗ್ಲೇ ಬಂದೆ.”

ಮೈದುನ ಏಣಿ ಹತ್ತಿ ಉಳಿ ಹಾಕಿ ಮೀಟತೊಡಗಿದ. ಕೆಳಗೆ ಅತ್ತಿಗೆ ಅಸ್ತರಿನ ಬಟ್ಟೆ ಬೀಸುತ್ತ, ಗಂಟಲು ಕಟ್ಟುವವರೆಗೆ ಅರಚಿ ಕಾಗೆಗಳನ್ನು ಓಡಿಸಿದಳು. ಹಲಗೆ ಕಿತ್ತು ಬಂದದ್ದೇ ತಡ, ತಾಯಿಗಳು ಅವನ ತೋಳು, ಕತ್ತುಗಳ ಮೇಲೆ ಹರಿದು ಒಳನುಗ್ಗಿದವು. ಮನುಷ್ಯನೆಂಬ ಭಯವೇ ಇರಲಿಲ್ಲ.

ಆಗ ಅವನು ಕೈಯಲ್ಲಿದ್ದ ಹಲಗೆಯನ್ನು ತಿರುಗಿಸಿ ನೋಡಿದ. ಒಳಮೈಗೆ ಒಸರಿದ್ದ ಅಂಟಿನಲ್ಲಿ ಮರಿಗಳು ಸಿಕ್ಕಿಕೊಂಡಿದ್ದವು. ಕೂದಲಿಲ್ಲದ ಗುಲಾಬಿ ಮೈ, ಅವರೆಕಾಳಿನಷ್ಟು ತಲೆ. ತಾಯಿ ಹೋದ ದಾರಿ ಹಿಡಿದು ತೆವಳಿ ಬಂದಿದ್ದವು. ಯಾವುದಕ್ಕೂ ಜೀವವಿರಲಿಲ್ಲ.

ಡಾಕ್ಟರು ಬಂದು ಹಲಗೆಯನ್ನು ಅವನ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.

“ಬೈದ್ಬಿಡಿ ಅತ್ತಿಗೆ,” ಎಂದ ಅವನು. ಬಾಯಿಗೆ ಹೆಸರಾದ ಅತ್ತಿಗೆ ಅಸ್ತರಿನ ಬಟ್ಟೆಯಿಂದ ಅವನ ಕೈಗೆ ಮೆತ್ತಿದ್ದ ಅಂಟು ಒರೆಸತೊಡಗಿದಳು. ಮುಚ್ಚಿಸಿದವಳು ಅವಳೇ.

ಒಳಗಿದ್ದ ಮರಿಗಳಲ್ಲಿ ಅರ್ಧಕ್ಕರ್ಧ ಉಳಿದವು. ಅತ್ತಿಗೆ ಹಿಕ್ಕೆ ಬೀಳದಂತೆ ಅಟ್ಟದ ಕೆಳಗೆ ದಪ್ಪ ಕ್ಯಾನ್ವಾಸ್ ಹೊಲಿದು ಕಟ್ಟಿಸಿ, ಸಂದನ್ನು ಹಾಗೇ ಬಿಟ್ಟಳು. ಮರಿಗಳು ಹಾರಲು ಕಲಿತ ಸಂಜೆ ಮೈದುನನಿಗೆ ಫೋನ್ ಮಾಡಿದಳು. “ಬಾರೋ, ಹೊರಗೆ ಬರ್ತಿದಾವೆ.”



“ನನ್ನ ಕೈಲಿ ಆಗಲ್ಲ ಅತ್ತಿಗೆ,” ಎಂದ. “ನೀವೇ ನೋಡಿ.”