ಸಸಿ ಕಟ್ಟು ಕೈಗೆ ಬಂದ ಮೇಲೆ

ಮೊರದಲ್ಲಿ ಜೋಳ ಕೇರುತ್ತಿದ್ದೆ. ಹರಳು ಮುಂದೆ ಬಂದವು. ಅವನ್ನು ಬೆರಳಿಂದ ತೆಗೆಯುವಷ್ಟರಲ್ಲಿ ದುರ್ಗಾದೇವಿ ಫೋನು ಹಿಡಿದುಕೊಂಡು ನರ್ಸರಿಯಿಂದ ಓಡಿ ಬಂದಳು. ಕೈಗೆಲ್ಲ ಮೆಣಸಿನ ಸಸಿಯ ಮಣ್ಣು.

"ದೊಡ್ಡವ್ವ, ಬಂತು! ಒಪ್ಪಿಗಿ ಬಂತು!"

"ಯಾರ ಕಡಿಂದ? ಆ ಏಜೆಂಟ್ ವಿರೇಶನ ಕಡಿಂದೋ, ಕೆನಡಾದ ಯಜಮಾನನ ಕಡಿಂದೋ?"

"ಯಜಮಾನನ ಕಡಿಂದನ!"

"ಹಂಗಾರ ಕುಂದ್ರು. ನೀರು ಕುಡಿ. ಆಮ್ಯಾಲ ಓದು."

ದುರ್ಗಾದೇವಿ ನನ್ನ ತಂಗಿಯ ಮಗಳು. ಮಸ್ಕಿಯಲ್ಲಿ ಬೇರೆಯವರ ನರ್ಸರಿಯಲ್ಲಿ ಹನ್ನೊಂದು ವರ್ಷದಿಂದ ಸಸಿ ಬೆಳೆಸುತ್ತಾಳೆ. ಅವಳ ಕೈಯ ಸಸಿ ಸಾಯುವುದಿಲ್ಲವೆಂದು ಸಿಂಧನೂರಿನ ರೈತರೂ ಬಂದು ಒಯ್ಯುತ್ತಾರೆ. ಕೆನಡಾದಲ್ಲಿ ಗಾಜಿನ ಮನೆಯೊಳಗೆ ಟೊಮೆಟೊ ಬೆಳೆಯುವ ಒಬ್ಬ ಯಜಮಾನ ಫೋನಿನಲ್ಲೇ ಅವಳ ಕೆಲಸ ನೋಡಿದ. ಎರಡು ವರ್ಷದ ಮಟ್ಟಿಗೆ ಬಾ ಎಂದು ಕರಾರು ಕಳಿಸಿದ. ಅವಳು ಅದಕ್ಕೆ ಸಹಿ ಮಾಡಿ, ತಾರೀಖು ಬರೆಯದೆ, ಅವನಿಗೆ ಮರಳಿ ಕಳಿಸುವ ಲಕೋಟೆ ಅಂಟಿಸದೆ ನನ್ನ ಟ್ರಂಕಿನಲ್ಲಿಟ್ಟು ಎಂಟು ತಿಂಗಳಾಗಿತ್ತು. ತಡೆದವಳು ನಾನೇ.

ಅಲ್ಲಿ ಇಂಥ ಕೆಲಸಕ್ಕೆ ಹೊರದೇಶದ ಆಳು ಬೇಕಾದರೆ ಮೊದಲು ಯಜಮಾನ ತನ್ನ ಸರ್ಕಾರದ ಒಪ್ಪಿಗೆ ಪಡೆಯಬೇಕು. ನಮ್ಮಲ್ಲೇ ಆಳು ಕರೆದೆ, ಸಿಗಲಿಲ್ಲ ಎಂದು ತೋರಿಸಬೇಕು. ಕೂಲಿ ಏನು, ಮಲಗುವ ಜಾಗ ಎಂಥದು ಎಂದು ಬರೆದುಕೊಡಬೇಕು. ಆ ಒಪ್ಪಿಗೆಯ ಪ್ರತಿ ಕೈಗೆ ಬಂದ ಮೇಲೆಯೇ ಆಳು ಕೆಲಸದ ವೀಸಾ ಕೇಳಬೇಕು. ದುರ್ಗಾ ಇದನ್ನು ಓದಿ ಹೇಳಿದಾಗ ನನಗೆ ನಗು ಬಂತು. ಅದು ನನ್ನದೇ ಕಾಯಿದೆ.

ಇಪ್ಪತ್ತು ವರ್ಷ ನಾನು ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿ ಒಯ್ದವಳು. ಒಂದು ವರ್ಷ, ಕಾಲುವೆ ಕೊನೆಯ ಊರಿನವನೊಬ್ಬನ ಬಾಯಿಮಾತು ನಂಬಿ ಇಪ್ಪತ್ತೆಂಟು ಮಂದಿಯನ್ನು ಟ್ರ್ಯಾಕ್ಟರ್ ಹತ್ತಿಸಿದೆ. ಹೋಗಿ ನೋಡಿದರೆ ಗದ್ದೆ ಅವನದಲ್ಲ, ಅವನ ಬೀಗರದು. ತಲೆ ಮೇಲೆ ಸೂರಿಲ್ಲ. ಬಸ್ಸಮ್ಮ ಹಸುಗೂಸನ್ನು ಕಟ್ಟಿಕೊಂಡು ಟ್ರಾಲಿಯ ಕೆಳಗೆ ಮೂರು ದಿನ ಕಳೆದಳು. ಮರುವರ್ಷದಿಂದ ನಾನೇ ಮೊದಲು ಹೋಗಿ ಗದ್ದೆ, ಸೂರು, ಕುಡಿಯುವ ನೀರು ನೋಡುತ್ತಿದ್ದೆ. ಎಲ್ಲ ಸರಿಯಿದ್ದರೆ ಗದ್ದೆಯ ಯಜಮಾನ, ಗದ್ದೆ ತನ್ನದೇ ಎಂಬ ಗುರುತಿಗೆ, ತನ್ನ ಸಸಿಮಡಿಯಿಂದ ಒಂದು ಸಸಿ ಕಟ್ಟು ಕಿತ್ತು ನನ್ನ ಕೈಗೆ ಕೊಡಬೇಕು. ಕಟ್ಟು ಕೈಗೆ ಬರದೆ ನನ್ನ ಗುಂಪು ಟ್ರ್ಯಾಕ್ಟರ್ ಹತ್ತುತ್ತಿರಲಿಲ್ಲ.

ಲಿಂಗಸುಗೂರಿನ ಏಜೆಂಟ್ ವಿರೇಶನಿಗೆ ಇದು ನಗೆಪಾಟಲಾಗಿತ್ತು.

"ಅಮ್ಮಾರ, ಪ್ರವಾಸದ ವೀಸಾದ ಮ್ಯಾಲ ಹೋಗ್ಲಿ. ಒಪ್ಪಿಗಿ ಹಿಂದಿಂದ ಬರ್ತದ."

"ಹಿಂದಿಂದ ಬರಾದು ಧೂಳ, ತಮ್ಮಾ."

"ಕೆನಡಾದವರು ನಿಮಗ ಸಸಿ ಕಟ್ಟು ಕಳಸ್ತಾರೇನ್ರಿ?"

"ಕಳಸಾತನಕ ಕಾಯ್ತೀವಿ."

ಹೋದ ತಿಂಗಳು ಅವನೇ ಒಂದು ಒಪ್ಪಿಗೆ ಪತ್ರ ತಂದ. ದುರ್ಗಾ ಕುಣಿದಾಡಿದಳು. ನಾನು ಟ್ರಂಕಿನಿಂದ ಕರಾರು ತೆಗೆದು ಪಕ್ಕಕ್ಕಿಟ್ಟು, ಎರಡರಲ್ಲೂ ಯಜಮಾನನ ಹೆಸರು ಓದು, ಊರು ಓದು ಎಂದೆ. ಹೆಸರೂ ಬೇರೆ, ಊರೂ ಬೇರೆ.

"ಅಲ್ಲಿ ಎಲ್ಲಾ ಆಜೂಬಾಜೂ ಇರ್ತಾವ್ರಿ," ಎಂದ ವಿರೇಶ.

"ಸಿಂಧನೂರ ಗದ್ದಿಗಿ ಕೊಟ್ಟ ಕಟ್ಟು ತೋರಿಸಿ ಮಾನ್ವಿ ಗದ್ದಿಗಿ ಇಳೀತಾರೇನೋ? ತಗೊಂಡು ನಡಿ."

ದುರ್ಗಾ ಅವತ್ತು ಉಣ್ಣಲಿಲ್ಲ. "ನೀ ಕಾಯಾಕ ಗಟ್ಟಿ ಅದೀ ದೊಡ್ಡವ್ವ. ನನ್ನ ವಯಸ್ಸು ಕಾಯಂಗಿಲ್ಲ," ಎಂದಳು. ಮರುದಿನ ಬೆಳಿಗ್ಗೆ ನಾನು ಹೇಳಿದೆ, ಅವಳು ಫೋನಿನಲ್ಲಿ ಯಜಮಾನನಿಗೇ ಬರೆದಳು: ಒಪ್ಪಿಗೆ ಎಲ್ಲಿಗೆ ಬಂತು? ನಮ್ಮ ಹುಡುಗಿ ಮಲಗುವ ಕೋಣೆಯನ್ನು ಯಾರು ಬಂದು ನೋಡಿದರು? ಅವನು ಉತ್ತರ ಕೊಟ್ಟ. ಕೋಣೆ ನೋಡಿ ಹೋಗಿದ್ದಾರೆ, ಕಾಗದ ಅಧಿಕಾರಿಯ ಮೇಜಿನ ಮೇಲಿದೆ, ಬೇರೆ ಯಾರ ಕಾಗದ ಹಿಡಿದೂ ಬರಬೇಡ.

ಈಗ ಆ ಕಾಗದವೇ ಬಂದಿತ್ತು. ದುರ್ಗಾ ಒಂದೊಂದೇ ಸಾಲು ಓದಿದಳು. ಹೆಸರು ಅದೇ, ಊರು ಅದೇ, ಕೆಲಸವೂ ಅದೇ. ಒಪ್ಪಿಗೆಯ ಗಡುವು ಇನ್ನೂ ಮುಗಿದಿರಲಿಲ್ಲ. ಜೊತೆಗೊಂದು ಫೋಟೊ: ಎರಡು ಮಂಚದ ಕೋಣೆ, ದೊಡ್ಡ ಕಿಟಕಿ.

"ಸೂರು ಐತಿ," ಎಂದೆ. ನನ್ನ ಕಣ್ಣು ತುಂಬಿದವು.

"ಅಯ್ಯ, ಇದಕ್ಕ ಅಳತಾರೇನು? ನಡಿ, ನಡಿ!"

ಜೋಳ ಮೊರದಲ್ಲೇ ಉಳಿಯಿತು. ಹೊಸ ಸೀರೆ ಉಟ್ಟು ಲಿಂಗಸುಗೂರಿನ ಬಸ್ಸು ಹತ್ತಿದೆವು. ಬಸ್ಸಿನಲ್ಲೇ ದುರ್ಗಾ ನನ್ನ ಬೆನ್ನನ್ನು ಮೇಜು ಮಾಡಿಕೊಂಡು ಕರಾರಿನಲ್ಲಿ ಖಾಲಿ ಬಿಟ್ಟಿದ್ದ ತಾರೀಖು ತುಂಬಿದಳು.

ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ ವಿರೇಶ ಬಂದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಬಗಲಲ್ಲೊಂದು ಫೈಲು. ದನಿ ಮೆತ್ತಗಾಗಿತ್ತು.

"ಅಮ್ಮಾರ, ನಮ್ಮ ತಮ್ಮನೂ ಹೊಂಟಾನ. ಅವನ ಕಾಗದಾ ಒಂದೀಟು ಜೋಡಿಸಿ ನೋಡ್ತೀರೇನ್ರಿ?"

ದುರ್ಗಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

"ನೋಡ್ತೀನಿ ತಮ್ಮಾ. ಸಾಲಿನ್ಯಾಗ ನಿಲ್ಲು. ಮೊದಲ ನಮ್ಮ ಹುಡುಗೀದು ಆಗ್ಲಿ."

ಕಿಟಕಿಯ ಆಚೆ ಅಂಚೆ ಗುಮಾಸ್ತ ಮಕ್ತುಮ್‌ಸಾಬ್ ಲಕೋಟೆಯ ಅಂಚು ಮುಟ್ಟಿ ನೋಡಿದರು. "ಅಂಟಿಸೇ ಇಲ್ಲಲ್ರಿ?"

"ಅಂಟಿಸೋ ಹೊತ್ತು ಈಗ ಬಂತ್ರಿ," ಎಂದೆ.

ಗೋಂದು ಹಚ್ಚಿ ದುರ್ಗಾ ಲಕೋಟೆಯನ್ನು ಒತ್ತಿದಳು. ಅವಳ ಕೈಯ ಮೇಲೆ ನನ್ನ ಕೈಯಿಟ್ಟು ನಾನೂ ಒತ್ತಿದೆ. ಮಕ್ತುಮ್‌ಸಾಬರು ತೂಗಿದರು, ಚೀಟಿ ಹಚ್ಚಿದರು, ಠಪ್ಪನೆ ಸೀಲು ಹೊಡೆದು ಹಿಂದಿನ ಚೀಲಕ್ಕೆ ಎಸೆದರು.